ಭೂಮಿ ಹುಣ್ಣಿಮೆ ಕಳೆದ ಮೇಲೆ ಕಡಲ ದಂಡೆಗೆ

ಮಲೆನಾಡಿನಲ್ಲಿ ತಿರುಗಾಟಕ್ಕೆ ಬಿಡುವು ಅಂತ ಸಿಗುವುದು ವರ್ಷದಲ್ಲಿ ಬಹಳ ಕಡಿಮೆ. ನೆಟ್ಟಿ ಮುಗಿಯುವಷ್ಟರಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಗಡಿಬಿಡಿ, ಅದು ಮುಗಿದರೆ ಚೌತಿ, ಆಮೇಲೆ ನವರಾತ್ರಿ. ದೀಪಾವಳಿ ದಾಟಿದರೆ ಗದ್ದೆ ಕೊಯ್ಲು, ಕೊನೆ ಕೊಯ್ಲು ಎರಡೂ ಒಟ್ಟಿಗೇ ಮೈಮೇಲೆ ಬೀಳುತ್ತವೆ. ನಡುವೆ ಉಳಿಯುವುದು ಸೀಗಿ ಹುಣ್ಣಿಮೆಯಿಂದ ದೀಪಾವಳಿಯ ತನಕದ ಹದಿನಾಲ್ಕು ದಿನ. ನಮ್ಮ ಕಡೆ ಅದು ಭೂಮಿ ಹುಣ್ಣಿಮೆ. ಬಸುರಿ ಭೂಮಿಗೆ ಬಯಕೆ ಬಡಿಸಿ ಬಂದ ಮೇಲೆ ಗದ್ದೆ ತನ್ನ ಪಾಡಿಗೆ ತಾನು ಕಾಳು ಕಟ್ಟಿಕೊಳ್ಳುತ್ತದೆ. ನಾವು ಒಂದಿಷ್ಟು ದಿನ ಕಾಣೆಯಾದರೂ ಮನೆಯವರು ಬೈಯುವುದಿಲ್ಲ.

ಈ ಸಲ ಆ ಹದಿನಾಲ್ಕು ದಿನದಲ್ಲಿ ನಾಲ್ಕನ್ನು ಕಡಲಿಗೆ ಕೊಟ್ಟಿದ್ದೇವೆ. ಬೆನ್ನಿಗೆ ಚೀಲ ಹಾಕಿಕೊಂಡು ಗೋಕರ್ಣದಿಂದ ಕುಮಟಾದ ತನಕ ದಂಡೆಯುದ್ದಕ್ಕೂ ನಡೆಯುವುದು, ರಾತ್ರಿ ಟೆಂಟಿನಲ್ಲಿ ಮಲಗುವುದು. ಇನ್ನೂ ಹೊರಟಿಲ್ಲ. ಒಂದು ತಿಂಗಳಿಂದ ನಡೆದಿರುವುದು ಬರೀ ತಯಾರಿ. ಆದರೆ ಆ ತಯಾರಿಯೇ ನಮಗೆ ಅರ್ಧ ಪ್ರವಾಸದಷ್ಟು ಆಗಿರುವುದರಿಂದ ಬರೆಯುತ್ತಿದ್ದೇವೆ.

ನಾವು ಐದು ಜನ. ಒಂದೇ ತರಗತಿಯಲ್ಲಿ ಪತ್ರಿಕೋದ್ಯಮ ಓದಿದವರು, ಸಾಗರ ಸೀಮೆಯ ಅಕ್ಕಪಕ್ಕದ ಊರಿನವರು. ಒಬ್ಬ ತಾಲ್ಲೂಕಿನ ಪತ್ರಿಕೆಗೆ ಸುದ್ದಿ ಕೊಡುತ್ತಾನೆ, ಒಬ್ಬ ಅಪ್ಪನ ಜೊತೆ ತೋಟ ನೋಡಿಕೊಂಡಿದ್ದಾನೆ, ಒಬ್ಬಳು ಅತಿಥಿ ಉಪನ್ಯಾಸಕಿ. ನಾಲ್ಕನೆಯವನಿಗೆ ಬೆಂಗಳೂರಿನಿಂದ ಕೆಲಸದ ಪತ್ರ ಬಂದಿದೆ, ದೀಪಾವಳಿ ಮುಗಿಸಿ ಹೋಗಬೇಕು. ಐದನೆಯವಳಿಗೆ ಮಾರ್ಗಶಿರದಲ್ಲಿ ಮದುವೆ. ಮುಂದಿನ ವರ್ಷ ಹೋದರಾಯಿತು ಅನ್ನುವ ಮಾತನ್ನು ನಮ್ಮಲ್ಲಿ ಯಾರೂ ಆಡುತ್ತಿಲ್ಲ. ಮುಂದಿನ ವರ್ಷ ಐದು ಜನ ಒಟ್ಟಿಗೆ ಇರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಜಾಗ ಯಾವುದು ಎಂಬುದಕ್ಕೆ ಹೆಚ್ಚು ಚರ್ಚೆಯಾಗಲಿಲ್ಲ. ನಮ್ಮಲ್ಲಿ ಇಬ್ಬರ ಮನೆಯವರು ಮುಳುಗಡೆಯಿಂದ ಎದ್ದು ಬಂದವರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅಜ್ಜನ ಗದ್ದೆ, ಅಜ್ಜಿಯ ತವರು ಎಲ್ಲವೂ ಶರಾವತಿ ಹಿನ್ನೀರಿನ ಅಡಿಯಲ್ಲಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಒಣಗಿದ ಮರದ ಬೊಡ್ಡೆಗಳು ಕಾಣುತ್ತವೆ, ನೋಡಿದವರಿಗೆ ಗೊತ್ತು. ಅದೇ ಘಟ್ಟದಲ್ಲಿ ಸ್ವಲ್ಪ ಉತ್ತರಕ್ಕೆ ಶಿರಸಿಯ ಕಡೆ ಹುಟ್ಟುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಬಿದ್ದಿಲ್ಲ. ಉಂಚಳ್ಳಿಯಲ್ಲಿ ಧುಮುಕಿ, ತನ್ನ ಮಣ್ಣನ್ನೂ ಮರಳನ್ನೂ ತಾನೇ ಹೊತ್ತುಕೊಂಡು ಬಂದು ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಕಟ್ಟು ಬೀಳದ ಹೊಳೆ ಕಡಲು ಸೇರುವಾಗ ಹೇಗಿರುತ್ತದೆ ಅಂತ ಒಂದು ಸಲ ನಡೆದು ಹೋಗಿ ನೋಡಬೇಕು ಅಂದಳು ನಮ್ಮ ಮದುವೆ ಹುಡುಗಿ. ಅವಳ ಅಜ್ಜಿಯ ತವರು ಹಿನ್ನೀರಿನಲ್ಲಿದೆ. ಅದಾದ ಮೇಲೆ ಬೇರೆ ಜಾಗದ ಮಾತು ಬರಲಿಲ್ಲ.

ಮನೆಯಲ್ಲಿ ಒಪ್ಪಿಗೆ ಸಿಗುವುದು ಮಾತ್ರ ಅಷ್ಟು ಸುಲಭವಿರಲಿಲ್ಲ. ಹುಡುಗ-ಹುಡುಗಿಯರು ಒಟ್ಟಿಗೆ ಹೋಗುವುದಾ ಅನ್ನುವ ತಕರಾರು ಬರುತ್ತದೆ ಅಂದುಕೊಂಡಿದ್ದೆವು, ಬಂತು ಕೂಡ. ಅದಕ್ಕಿಂತ ಗಟ್ಟಿಯಾಗಿ ಬಂದದ್ದು ನೀರಿನ ಭಯ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಣುಮಕ್ಕಳು ಅಲೆಗೆ ಸಿಕ್ಕಿ ತೀರಿಹೋದರು. ಆ ಸುದ್ದಿಯನ್ನು ನಮ್ಮ ಅಮ್ಮಂದಿರು ಮರೆತಿಲ್ಲ. ‘ಆ ಮಕ್ಕಳೂ ಬಯಲುಸೀಮೆಯವು, ನೀವೂ ಘಟ್ಟದ ಮೇಲಿನವು, ನಿಮಗೇನು ಗೊತ್ತು ಸಮುದ್ರ?’ ಎಂದು ಒಬ್ಬರು ಕೇಳಿದರು. ಹೊಳೆಯಲ್ಲಿ ಈಜಿ ಬೆಳೆದಿದ್ದೇವೆ ಅನ್ನುವ ಉತ್ತರ ಈ ಪ್ರಶ್ನೆಗೆ ಉತ್ತರವೇ ಅಲ್ಲ. ಹೊಳೆ ಒಂದೇ ದಿಕ್ಕಿಗೆ ಎಳೆಯುತ್ತದೆ. ಕಡಲು ದಡಕ್ಕೆ ತಂದು ಹಾಕಿದ ನೀರನ್ನು ಯಾವುದೋ ಒಂದು ಜಾಗದಲ್ಲಿ ಗುಟ್ಟಾಗಿ ವಾಪಸು ಎಳೆದುಕೊಳ್ಳುತ್ತದೆ, ಆ ಸೆಳೆತದ ಜಾಗ ಮೇಲಿನಿಂದ ಶಾಂತವಾಗಿಯೇ ಕಾಣುತ್ತದೆ. ಅದಕ್ಕೆ ಸಿಕ್ಕವರು ದಡದ ಕಡೆಗೇ ಬಡಿದಾಡಿ ಸುಸ್ತಾಗುತ್ತಾರೆ. ದಡಕ್ಕೆ ಸಮಾನಾಂತರವಾಗಿ, ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಿದ್ದು ಆಮೇಲೆ ದಡಕ್ಕೆ ಬರಬೇಕು. ಇದನ್ನು ನೀವೂ ಮನೆಯ ಮಕ್ಕಳಿಗೆ ಒಂದು ಸಲ ಹೇಳಿ, ಈ ಬರಹದಲ್ಲಿ ಬೇರೆ ಏನು ಮರೆತರೂ ಪರವಾಗಿಲ್ಲ.

ನಾವು ಅಮ್ಮಂದಿರಿಗೆ ಕೊಟ್ಟ ಮಾತು: ಮೊಣಕಾಲಿಗಿಂತ ಮೇಲೆ ನೀರಿಗೆ ಯಾರೂ ಇಳಿಯುವುದಿಲ್ಲ. ಸಂಜೆ ಆರರ ಮೇಲೆ ನೀರಿನ ಹತ್ತಿರವೇ ಇಲ್ಲ. ಅಲೆ ಬಡಿಯುವ ಬಂಡೆಯ ಮೇಲೆ ಫೋಟೊ ಇಲ್ಲ. ಹಾಳೆಯ ಮೇಲೆ ಬರೆದು, ಯಾವ ದಿನ ಎಲ್ಲಿರುತ್ತೇವೆ, ಯಾರ ಮನೆ, ಯಾರ ಫೋನ್ ನಂಬರು ಎಲ್ಲವನ್ನೂ ಸೇರಿಸಿ ಐದೂ ಮನೆಗೆ ಒಂದೊಂದು ಪ್ರತಿ ಕೊಟ್ಟೆವು. ಕೆಳಗೆ 112 ಮತ್ತು ಕರಾವಳಿ ಕಾವಲು ಪಡೆಯ 1554. ಒಂದು ಮನೆಯಲ್ಲಿ ಅದನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಾರೆ, ಹಾಲಿನ ಲೆಕ್ಕದ ಚೀಟಿಯ ಕೆಳಗೆ.

ದಿನ ಗೊತ್ತು ಮಾಡುವಾಗ ನಮ್ಮೊಳಗೇ ಎರಡು ಪಕ್ಷವಾಯಿತು. ಹುಣ್ಣಿಮೆಗೇ ಹೋಗಬೇಕು, ಮರಳ ಮೇಲೆ ಬೆಳದಿಂಗಳು ನೋಡದಿದ್ದರೆ ಹೋಗಿ ಏನು ಪ್ರಯೋಜನ ಎಂದು ಒಂದು ಪಕ್ಷ. ಹುಣ್ಣಿಮೆಗೆ ಮನೆಯಲ್ಲೇ ಹಬ್ಬ, ಆಗುವುದಿಲ್ಲ ಎಂದು ಇನ್ನೊಂದು. ಜಗಳ ಬಿಡಿಸಿದವರು ನಮ್ಮ ತರಗತಿಯ ಕುಮಟಾ ಕಡೆಯ ಗೆಳತಿಯ ದೊಡ್ಡಪ್ಪ. ಅವರು ಚಿಕ್ಕಂದಿನಿಂದ ದೋಣಿ, ಬಲೆಯಲ್ಲೇ ಬೆಳೆದವರು. ಫೋನಿನಲ್ಲಿ ಹೇಳಿದ್ದು ಇಷ್ಟು: ‘ತಮ್ಮಾ, ಹುಣ್ಣಿಮೆ ಅಮಾಸೆಗೆ ಭರತ ಜೋರು. ಅಷ್ಟಮಿ ಆಸುಪಾಸು ಬನ್ನಿ. ಆವಾಗ ನೀರು ಬಾಳ ಏರೂದೂ ಇಲ್ಲ, ಬಾಳ ಇಳಿಯೂದೂ ಇಲ್ಲ.’

ಕರಾವಳಿಯಲ್ಲಿ ಉಬ್ಬರಕ್ಕೆ ಭರತ ಎನ್ನುತ್ತಾರೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಹುಣ್ಣಿಮೆ, ಅಮಾವಾಸ್ಯೆಗೆ ಸೂರ್ಯ ಚಂದ್ರ ಭೂಮಿ ಮೂರೂ ಒಂದೇ ಸಾಲಿಗೆ ಬರುವುದರಿಂದ ಎಳೆತ ಕೂಡಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಗೆ ಆ ಏರಿಳಿತ ಸಣ್ಣದು. ಇನ್ನೊಂದು ವಿಷಯ ನಮಗೆ ತುಂಬ ಹಿಡಿಸಿತು. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಹಿಂದಕ್ಕೆ ಸರಿಯುತ್ತದೆ. ಒಂದು ಗಳಿಗೆ ಅಂದರೆ 24 ನಿಮಿಷ, ಹಾಗಾಗಿ ದಿನಕ್ಕೆ ಎರಡು ಗಳಿಗೆ ತಡ ಎಂದು ಲೆಕ್ಕ ಹಾಕಿದರೆ ಮುಗಿಯಿತು. ಮೊದಲ ದಿನ ಹೊತ್ತು ಎಷ್ಟು ಅಂತ ಗೊತ್ತಾದರೆ ಉಳಿದ ಮೂರು ದಿನಕ್ಕೆ ಪಂಚಾಂಗವೂ ಬೇಡ, ನೆಟ್‌ವರ್ಕೂ ಬೇಡ.

ಇದೆಲ್ಲ ಯಾಕೆ ಬೇಕು ಎಂದರೆ, ಆ ದಾರಿ ಹಾಗಿದೆ. ಗೋಕರ್ಣದಿಂದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಬೇಲೆಕಾನ್, ಆಮೇಲೆ ತದಡಿ. ಅಲ್ಲಿ ಹೊಳೆ. ದೋಣಿಯಲ್ಲಿ ದಾಟಿದರೆ ಆಚೆ ದಡದಲ್ಲಿ ಅಘನಾಶಿನಿ ಎಂಬ ಊರು, ಮುಂದೆ ಕಾಗಾಲ, ಬಾಡ, ಕಡ್ಲೆ, ವನ್ನಳ್ಳಿ, ಕುಮಟಾ. ಎಲ್ಲ ಸೇರಿ 25 ಕಿ.ಮೀ. ಆಸುಪಾಸು. ಕೇಳಿದರೆ ಏನು ಮಹಾ ಅನ್ನಿಸುತ್ತದೆ, ನಮ್ಮೂರಿನಲ್ಲಿ ದನ ಹುಡುಕಿಕೊಂಡು ಹೋದರೂ ಹತ್ತು ಕಿ.ಮೀ. ಆಗುತ್ತದೆ. ಆದರೆ ಇದು ಒಂದೇ ಉದ್ದನೆಯ ಮರಳ ದಾರಿ ಅಲ್ಲ. ಒಂದು ದಂಡೆಗೂ ಇನ್ನೊಂದು ದಂಡೆಗೂ ನಡುವೆ ಗುಡ್ಡ ಮೂಗು ಚಾಚಿಕೊಂಡು ನೀರಿನೊಳಕ್ಕೆ ಇಳಿದಿರುತ್ತದೆ. ಇಳಿತದಲ್ಲಿ ಬುಡದ ಬಂಡೆ ಹಿಡಿದು ದಾಟಬಹುದಾದ ಕಡೆ ಭರತದಲ್ಲಿ ಆಗುವುದಿಲ್ಲ. ಅರ್ಧ ದಾಟಿದ ಮೇಲೆ ನೀರು ಏರಿದರೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅದಕ್ಕೆ ದೊಡ್ಡಪ್ಪನ ಮಾತಿನಂತೆ ಬಂಡೆಯ ದಾರಿಯನ್ನೇ ಬಿಟ್ಟಿದ್ದೇವೆ. ಎಲ್ಲ ಕಡೆಯೂ ಗುಡ್ಡದ ಮೇಲಿನ ಕಾಲುದಾರಿ. ಬಿಸಿಲು ಜಾಸ್ತಿ, ಏರು ಜಾಸ್ತಿ, ಆದರೆ ಗಡಿಯಾರ ನೋಡಿಕೊಂಡು ಓಡುವ ಕೆಲಸ ಇಲ್ಲ.

ತದಡಿಯಲ್ಲಿ ಒಂದು ಇಡೀ ಮಧ್ಯಾಹ್ನ ಇಟ್ಟುಕೊಂಡಿದ್ದೇವೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ರಜೆ, ಆಗಸ್ಟಿನಿಂದ ಬಂದರು ಮತ್ತೆ ಜೀವ ಹಿಡಿಯುತ್ತದೆ. ನಾವು ಹೋಗುವ ಹೊತ್ತಿಗೆ ಮೀನಿನ ಕೆಲಸ ಭರದಲ್ಲಿ ಇರುತ್ತದೆ. ಹೊಳೆಯ ಒಳಗೆ ಇಳಿತದ ಹೊತ್ತಿಗೆ ಹೆಂಗಸರು ಬಳಚು ತೆಗೆಯುತ್ತಾರೆ. ಇನ್ನೂ ಒಳಗೆ ಗಜನಿ ಭೂಮಿ. ಉಪ್ಪು ನೀರು ತಡೆದುಕೊಳ್ಳುವ ಕಗ್ಗ ಎಂಬ ಭತ್ತ ಅಲ್ಲಿಯದು. ನಮ್ಮ ಗದ್ದೆ ಇನ್ನೂ ಹಸಿರಾಗಿರುವಾಗ ಅಲ್ಲಿ ಕೊಯ್ಲು ಶುರುವಾಗಿರುತ್ತದೆ. ಉಪ್ಪು ನೀರಿನಲ್ಲಿ ಭತ್ತ ಎಂದರೆ ನಮ್ಮ ತೋಟದ ಗೆಳೆಯನ ಅಪ್ಪ ಇನ್ನೂ ನಂಬುವುದಿಲ್ಲ, ಒಂದು ಹಿಡಿ ತೆನೆ ತಂದು ತೋರಿಸು ಎಂದಿದ್ದಾರೆ. ಈ ಅಳಿವೆಯನ್ನು 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿಗೆ ಸೇರಿಸಿದರು. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು. ಅದಕ್ಕೂ ಮೊದಲು ಇದೇ ತದಡಿಗೆ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತ್ತು, ಜನ ಬೇಡ ಎಂದು ನಿಂತಿದ್ದರು. ಮುಳುಗಡೆಯ ಮನೆಯ ಮಕ್ಕಳಾದ ನಮಗೆ ಈ ‘ಬೇಡ’ ಅಂದವರನ್ನು ಒಮ್ಮೆ ಮಾತಾಡಿಸುವ ಆಸೆ. ಸುದ್ದಿಗಾಗಿ ಅಲ್ಲ. ಸುದ್ದಿಯೂ ಆದರೆ ಆಗಲಿ.

ಇನ್ನು ಮಲಗುವ ವಿಷಯ. ಹೆಚ್ಚು ದಿನ ತಲೆ ತಿಂದದ್ದು ಇದೇ.

ಇಂಟರ್‌ನೆಟ್ಟಿನ ವಿಡಿಯೊಗಳಲ್ಲಿ ಎಲ್ಲವೂ ಸಲೀಸು. ಸೂರ್ಯ ಮುಳುಗುವ ಹೊತ್ತಿಗೆ ಖಾಲಿ ಮರಳ ಮೇಲೆ ಟೆಂಟು ಏಳುತ್ತದೆ, ಮುಂದೆ ಬೆಂಕಿ, ಗಿಟಾರು. ಆ ಮರಳು ಯಾರದ್ದು ಎಂಬ ಪ್ರಶ್ನೆ ಯಾವ ವಿಡಿಯೊದಲ್ಲೂ ಬರುವುದಿಲ್ಲ. ನಮ್ಮ ಗೆಳತಿ ಅದನ್ನು ಒಂದೇ ಮಾತಿನಲ್ಲಿ ಬಿಡಿಸಿದಳು: ‘ನಿಮ್ಮ ಮನೆ ಕಣದಲ್ಲಿ ಯಾರೋ ಬಂದು ಟೆಂಟ್ ಹಾಕಿದರೆ ಹೆಂಗೆ?’

ಕಣ ಎಂದ ಕೂಡಲೇ ನಮಗೆ ಅರ್ಥವಾಯಿತು. ಕೊಯ್ಲಿಲ್ಲದ ಕಾಲದಲ್ಲಿ ಕಣ ಖಾಲಿಯಾಗಿಯೇ ಕಾಣುತ್ತದೆ, ಆದರೆ ಅದು ಖಾಲಿ ಜಾಗ ಅಲ್ಲ. ದಂಡೆಯೂ ಹಾಗೆ. ದೋಣಿಯನ್ನು ನೀರಿಗೆ ಎಳೆಯುವ ದಾರಿ ಇರುತ್ತದೆ, ಬಲೆ ಹರವುವ ಜಾಗ ಇರುತ್ತದೆ, ಮೀನು ಒಣಗಿಸುವ ಜಾಗ ಇರುತ್ತದೆ. ಕೈರಂಪಣಿ ಬಲೆಯನ್ನು ದಡಕ್ಕೆ ಎಳೆಯುವಾಗ ಸಾಲಾಗಿ ಜನ ನಿಲ್ಲಬೇಕು. ಅಲ್ಲಿ ನಡುವೆ ನಮ್ಮ ಟೆಂಟಿನ ಗೂಟ ಇದ್ದರೆ? ಬೆಳಗಿನ ಜಾವ ಮೂರು ಗಂಟೆಗೆ ಕೆಲಸಕ್ಕೆ ಬರುವವರ ಕಾಲಿಗೆ ನಾವು ಒಡೆದ ಬಾಟಲಿಯ ಚೂರು ಚುಚ್ಚಿದರೆ? ಚಳಿಗಾಲದಲ್ಲಿ ಹೋಗುವವರಿಗೆ ಇನ್ನೊಂದು ಮಾತು. ಉತ್ತರ ಕನ್ನಡದ ದಂಡೆಗಳಿಗೆ ಕಡಲಾಮೆ ಮೊಟ್ಟೆ ಇಡಲು ಬರುತ್ತದೆ. ಬೆಳಕು ಕಂಡರೆ, ಜನರ ಗಲಾಟೆ ಕೇಳಿದರೆ ಮೊಟ್ಟೆ ಇಡದೆಯೇ ತಿರುಗಿ ಹೋಗಿಬಿಡಬಹುದು. ಮರಿಗಳು ಹೊರಬಂದಾಗ ದೀಪದ ಬೆಳಕನ್ನೇ ಕಡಲು ಎಂದು ತಿಳಿದು ಊರಿನ ಕಡೆ ಹರಿದು ಬಿಡುತ್ತವೆ.

ಹಾಗಾಗಿ ಮರಳ ಮೇಲೆ ಒಂದು ರಾತ್ರಿಯೂ ಇಲ್ಲ. ಬೆಂಕಿಯೂ ಇಲ್ಲ. ಮೊದಲ ರಾತ್ರಿ ಗೋಕರ್ಣದಲ್ಲಿ ದುಡ್ಡು ಕೊಟ್ಟು ಅಂಗಳದಲ್ಲಿ ಟೆಂಟಿಗೆ ಜಾಗ ಪಡೆಯುವುದು. ಎರಡನೆಯ ರಾತ್ರಿ ಹೊಳೆಯಾಚೆ ದೊಡ್ಡಪ್ಪನ ಮನೆಯ ತೆಂಗಿನ ಹಿತ್ತಿಲು. ಮೂರನೆಯದು ಬಾಡದಲ್ಲಿ ಗೆಳತಿಯ ಅತ್ತೆಯ ಮನೆ ಹಿಂದೆ. ಅಲೆಯ ಸದ್ದು ಹಿತ್ತಿಲಿಗೂ ಕೇಳುತ್ತದಂತೆ. ತೆಂಗಿನ ಮರದ ನೇರ ಕೆಳಗೆ ಮಾತ್ರ ಟೆಂಟು ಹಾಕಬೇಡಿ ಎಂದು ಅತ್ತೆ ಎರಡು ಸಲ ಹೇಳಿದ್ದಾರೆ. ಬೆಳದಿಂಗಳ ಪಕ್ಷದವರಿಗೆ ಸ್ವಲ್ಪ ಬೇಜಾರಾಗಿದೆ. ಅಷ್ಟಮಿಯ ಚಂದ್ರ ಹುಟ್ಟುವುದೇ ನಡುರಾತ್ರಿ, ಎದ್ದು ಕೂತು ನೋಡಿ ಎಂದು ಸಮಾಧಾನ ಮಾಡಿದ್ದೇವೆ.

ಬಚ್ಚಲು, ಪಾಯಖಾನೆಯ ಮಾತನ್ನು ಇಂಥ ಬರಹಗಳಲ್ಲಿ ಯಾರೂ ಬರೆಯುವುದಿಲ್ಲ. ಹಿತ್ತಿಲು ಆರಿಸಿಕೊಂಡದ್ದಕ್ಕೆ ಅದೂ ಒಂದು ದೊಡ್ಡ ಕಾರಣ. ನಮ್ಮ ಇಬ್ಬರು ಹುಡುಗಿಯರು ಮೊದಲ ದಿನವೇ ಕೇಳಿದ್ದು ಅದನ್ನು. ಮುಟ್ಟಿನ ದಿನ ಬಂದರೆ ಏನು, ಬಳಸಿದ ಪ್ಯಾಡ್ ಎಲ್ಲಿ ಹಾಕುವುದು ಎಂದು. ಕಾಗದದಲ್ಲಿ ಸುತ್ತಿ, ಮುಚ್ಚುವ ಡಬ್ಬಿಯಲ್ಲಿ ಹಾಕಿ, ಉಳಿದ ಕಸದ ಜೊತೆಯೇ ಕುಮಟಾದ ತನಕ ಹೊತ್ತು ತರುವುದು ಎಂದಾಯಿತು. ಕಸದ ಚೀಲ ಹೊರುವ ಪಾಳಿ ಐವರಿಗೂ ಇದೆ.

ಹೊರೆಯ ಬಗ್ಗೆ ಹೇಳುವುದಾದರೆ, ಕೊಂಡದ್ದು ಬಹಳ ಕಡಿಮೆ. ಇಬ್ಬರಿಗೆ ಒಂದು, ಮೂವರಿಗೆ ಒಂದು ಎಂದು ಎರಡು ಟೆಂಟು ಬಾಡಿಗೆಗೆ. ಕೆಳಗೆ ಹಾಸಲು ಅಡಿಕೆ ಒಣಗಿಸುವ ತಾಡಪಾಲಿನ ಹಳೆಯ ತುಂಡು. ಅದರಷ್ಟು ಗಟ್ಟಿಯ ವಸ್ತು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮಲಗುವ ಚೀಲ ಬೇಡ, ಕರಾವಳಿಯ ಅಕ್ಟೋಬರಿನಲ್ಲಿ ಸೆಕೆ, ಒಂದು ಪಂಚೆ ಅಥವಾ ಹಳೆಯ ಸೀರೆ ಸಾಕು. ಸೊಳ್ಳೆಗೆ ಮುಲಾಮು, ತಲೆಗೆ ಹಾಳೆ ಟೊಪ್ಪಿ, ಟಾರ್ಚು. ಭಾರ ಅಂದರೆ ನೀರು. ತಲಾ ಮೂರು ಲೀಟರು, ಅಂದರೆ ಮೂರು ಕಿಲೊ. ದಂಡೆಯ ಎಲ್ಲ ಬಾವಿಯ ನೀರೂ ಕುಡಿಯಲು ಬರುವುದಿಲ್ಲ, ಕೆಲವು ಉಪ್ಪು. ಕೇಳಿಯೇ ತುಂಬಿಸಿಕೊಳ್ಳಬೇಕು. ಘಟ್ಟದ ಮೇಲೆ ನಡೆದು ಬೆವರುವುದೇ ಬೇರೆ, ಅಲ್ಲಿ ಬೆವರು ಆರುವುದೇ ಇಲ್ಲ, ನೀರು ಕುಡಿದಷ್ಟೂ ಸಾಲದು. ಓಆರ್‌ಎಸ್ ಪೊಟ್ಟಣ ಹತ್ತು ಇಟ್ಟುಕೊಂಡಿದ್ದೇವೆ.

ತಿನ್ನಲು ಅವಲಕ್ಕಿ, ಬೆಲ್ಲ, ಚಟ್ನಿಪುಡಿ, ಎರಡು ದಿನಕ್ಕಾಗುವಷ್ಟು ಅಕ್ಕಿ ರೊಟ್ಟಿ. ಸ್ಟವ್ ಹೊರುವುದಿಲ್ಲ. ದೊಡ್ಡಪ್ಪನ ಮನೆಯಲ್ಲಿ ಬಳಚಿನ ಸಾರು ಆಗುತ್ತದಂತೆ, ನಮ್ಮಲ್ಲಿ ಮೀನು ತಿನ್ನದ ಇಬ್ಬರಿಗೆ ಬೇರೆ ಸಾರು ಮಾಡುತ್ತೇವೆ ಎಂದು ಅವರೇ ಫೋನಿನಲ್ಲಿ ಕೇಳಿ ಬರೆದುಕೊಂಡರು. ಬರಿಗೈಲಿ ಹೋಗುವುದು ಸರಿಯಲ್ಲ. ಎರಡೂ ಮನೆಗೆ ನಮ್ಮ ಕಡೆಯ ತೊಡೆದೇವು ಒಯ್ಯುತ್ತೇವೆ. ಹಗುರ, ಕೆಡುವುದಿಲ್ಲ, ಪುಡಿಯಾಗದಂತೆ ನೋಡಿಕೊಂಡರಾಯಿತು.

ಖರ್ಚು ತಲಾ 1,500 ರೂಪಾಯಿ ಎಂದು ಇಟ್ಟುಕೊಂಡಿದ್ದೇವೆ. ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಬಿಟ್ಟಿ, ಆಧಾರ್ ಕಾರ್ಡ್ ಮರೆಯದಿದ್ದರೆ ಸಾಕು. ಸಾಗರದಿಂದ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ, ಅಲ್ಲಿಂದ ಕುಮಟಾ, ಗೋಕರ್ಣ. ಉಳಿಸಿದ ಬಸ್ಸಿನ ದುಡ್ಡಿನಲ್ಲಿ ಹುಡುಗರಿಗೆ ಐಸ್‌ಕ್ರೀಂ ಕೊಡಿಸಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಕೊನೆಯದಾಗಿ ಹೋಗದಿರುವ ಲೆಕ್ಕ. ಮುಂಗಾರು ಅಕ್ಟೋಬರ್ ಮಧ್ಯದ ಹೊತ್ತಿಗೆ ವಾಪಸಾಗುತ್ತದೆ ಎನ್ನುತ್ತಾರೆ, ಆದರೆ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವ ಕಾಲವೂ ಅದೇ. 2019ರ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್ ಬಂದಾಗ ದಡದಿಂದ ದೂರ ಹಾದುಹೋದರೂ ಕರಾವಳಿಯಲ್ಲಿ ಕಡಲು ಉಕ್ಕಿತ್ತು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ, ಫೋನಿನಲ್ಲೇ ನೋಡಬಹುದು. ಹವಾಮಾನ ಇಲಾಖೆಯದೂ ಇದೆ. ನಾವು ಮೂರು ಮಾತು ಬರೆದಿಟ್ಟಿದ್ದೇವೆ. ಮೀನುಗಾರರು ಕಡಲಿಗೆ ಇಳಿಯಬೇಡಿ ಎಂಬ ಎಚ್ಚರಿಕೆ ಬಂದರೆ ಹೊರಡುವುದಿಲ್ಲ. ದಾರಿಯಲ್ಲಿದ್ದಾಗ ಬಂದರೆ ಹತ್ತಿರದ ಊರಿನಿಂದ ಬಸ್ಸು. ಗುಡುಗು ಶುರುವಾದರೆ ಗುಡ್ಡದ ಬೋಳು ನೆತ್ತಿಯಲ್ಲಿ, ಒಂಟಿ ಮರದ ಕೆಳಗೆ ಒಂದು ನಿಮಿಷವೂ ನಿಲ್ಲುವುದಿಲ್ಲ, ಕೆಳಗಿನ ಮನೆಗೆ ಇಳಿಯುವುದು. ಮೊದಲನೆಯದಕ್ಕೆ ಸಹಿ ಹಾಕುವಾಗ ಬೆಂಗಳೂರಿಗೆ ಹೋಗುವ ಗೆಳೆಯ ತುಸು ಹೊತ್ತು ಪೆನ್ನು ಹಿಡಿದುಕೊಂಡೇ ಕೂತಿದ್ದ. ಅವನಿಗೆ ಇನ್ನೊಂದು ದಿನ ಇಲ್ಲ. ಆಮೇಲೆ ಹಾಕಿದ.

ದೋಣಿಯ ಹೊತ್ತು ಮಾತ್ರ ಮೊದಲೇ ಹೇಳಲು ಬರುವುದಿಲ್ಲ, ಆ ದಿನ ಬೆಳಿಗ್ಗೆ ಫೋನ್ ಮಾಡಿ ಎಂದಿದ್ದಾರೆ ದೊಡ್ಡಪ್ಪ. ಸದ್ಯ ಆಕಾಶ ತಿಳಿಯಾಗಿದೆ. ತಾಡಪಾಲನ್ನು ತೊಳೆದು ಅಂಗಳದಲ್ಲಿ ಬಿಸಿಲಿಗೆ ಹಾಕಿದ್ದೇವೆ. ಮದುವೆ ಹುಡುಗಿಯ ಅಜ್ಜಿ ಒಂದು ಸಣ್ಣ ಬಾಟಲಿ ಕೊಟ್ಟು ಆ ಹೊಳೆಯ ನೀರು ಸ್ವಲ್ಪ ತಾ ಎಂದಿದ್ದಾರೆ, ಸಿಹಿಯೋ ಉಪ್ಪೋ ನೋಡುತ್ತಾರಂತೆ. ಅವಳ ಅಮ್ಮನದು ಬೇರೆಯೇ ಚಿಂತೆ: ತೊಡೆದೇವು ಒಂದು ಮನೆಗೆ ಇಪ್ಪತ್ತು ಸಾಕೋ, ನಲವತ್ತು ಮಾಡಬೇಕೋ?